ಮೆಡಿಕೇರ್ ಹಣದಲ್ಲಿ ಮನೆಯಲ್ಲೇ ಶುಶ್ರೂಷೆ: ಅಮೆರಿಕದಲ್ಲಿರುವ ಹಿರಿಯರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಮನೆಗೆ ನರ್ಸನ್ನು ಕಳಿಸುತ್ತದೆ, ಫಿಸಿಯೋಥೆರಪಿಸ್ಟನ್ನು ಕಳಿಸುತ್ತದೆ. ದಿನವಿಡೀ ಜೊತೆಗಿದ್ದು ನೋಡಿಕೊಳ್ಳುವವರನ್ನು ಕಳಿಸುವುದಿಲ್ಲ. ಈ ಗೆರೆ ಎಲ್ಲಿದೆ ಎಂದು ತಿಳಿಯದೆ ಕುಟುಂಬಗಳು ಎರಡು ಕಡೆ ಕಳೆದುಕೊಳ್ಳುತ್ತವೆ. ಕೆಲವರು "ಹೇಗೂ ಏನೂ ಸಿಗುವುದಿಲ್ಲ" ಎಂದುಕೊಂಡು ಪೂರ್ತಿ ಉಚಿತವಾಗಿ ಸಿಗಬೇಕಾದ ಚಿಕಿತ್ಸೆಯನ್ನು ಕೇಳುವುದೇ ಇಲ್ಲ. ಇನ್ನು ಕೆಲವರು ಮೆಡಿಕೇರ್ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ನಂಬಿ, ಎರಡು ತಿಂಗಳ ನಂತರ ಸೇವೆ ನಿಂತಾಗ ಕೈಕಟ್ಟಿ ಕೂರುತ್ತಾರೆ. ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಇರುವ ನಮ್ಮ ಹಿರಿಯರ ಕುಟುಂಬಗಳಿಗೆ ಬೇಕಾದ ವಿವರಗಳನ್ನೆಲ್ಲ ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ.

ಹಂತ 1: ಯಾವ ಮೆಡಿಕೇರ್ ಇದೆ ಎಂದು ಮೊದಲು ನೋಡಿ

ಕೆಂಪು, ಬಿಳಿ, ನೀಲಿ ಬಣ್ಣದ ಕಾರ್ಡಿನಲ್ಲಿ ಪಾರ್ಟ್ ಎ ಅಂದರೆ ಆಸ್ಪತ್ರೆ ವಿಮೆ, ಪಾರ್ಟ್ ಬಿ ಅಂದರೆ ವೈದ್ಯಕೀಯ ವಿಮೆ. ಇವೆರಡೂ ಸೇರಿದ್ದು ಒರಿಜಿನಲ್ ಮೆಡಿಕೇರ್. ಖಾಸಗಿ ಕಂಪನಿಯ ಬೇರೊಂದು ಕಾರ್ಡ್ ಕೈಯಲ್ಲಿದ್ದು ಆಸ್ಪತ್ರೆಯಲ್ಲಿ ಅದನ್ನೇ ತೋರಿಸುತ್ತಿದ್ದರೆ, ಅದು ಬಹುಶಃ ಮೆಡಿಕೇರ್ ಅಡ್ವಾಂಟೇಜ್, ಅಂದರೆ ಪಾರ್ಟ್ ಸಿ. ಮೆಡಿಗ್ಯಾಪ್ ಕಾರ್ಡ್ ಬೇರೆ; ಅದು ಒರಿಜಿನಲ್ ಮೆಡಿಕೇರ್ ಬಿಟ್ಟ ಪಾಲನ್ನು ಕೊಡುವ ಪೂರಕ ವಿಮೆ. ಮುಂದಿನ ಹಂತಗಳ ಕೆಲವು ನಿಯಮಗಳು ಇದರ ಮೇಲೆ ಬದಲಾಗುತ್ತವೆ.

ಗ್ರೀನ್ ಕಾರ್ಡ್ ಮೇಲೆ ಬಂದ ತಂದೆತಾಯಿಯರ ವಿಷಯದಲ್ಲಿ ಪದೇ ಪದೇ ಆಗುವ ತಪ್ಪು ತಿಳಿವಳಿಕೆಯೊಂದಿದೆ. ಮಕ್ಕಳು 20 ವರ್ಷ ತೆರಿಗೆ ಕಟ್ಟಿದ್ದರೂ ಅದು ತಂದೆತಾಯಿಯರ ಲೆಕ್ಕಕ್ಕೆ ಬರುವುದಿಲ್ಲ. ಪಾರ್ಟ್ ಎ ಪುಕ್ಕಟೆ ಸಿಗಬೇಕಾದರೆ ಅವರೋ ಅವರ ಪತಿ ಅಥವಾ ಪತ್ನಿಯೋ ಅಮೆರಿಕದಲ್ಲಿ 40 ಕ್ವಾರ್ಟರ್, ಅಂದರೆ ಸುಮಾರು 10 ವರ್ಷ ದುಡಿದಿರಬೇಕು. ಹಾಗಿಲ್ಲದಿದ್ದರೆ, 65 ತುಂಬಿ, ಗ್ರೀನ್ ಕಾರ್ಡ್ ಪಡೆದು, 5 ವರ್ಷ ಸತತವಾಗಿ ಇಲ್ಲೇ ವಾಸವಿದ್ದವರು ಮೆಡಿಕೇರನ್ನು ಹಣ ಕೊಟ್ಟು ಕೊಳ್ಳಬಹುದು. 2026ರಲ್ಲಿ ಪಾರ್ಟ್ ಎ ಪೂರ್ಣ ಕಂತು ತಿಂಗಳಿಗೆ 565 ಡಾಲರ್, ಪಾರ್ಟ್ ಬಿ ಸಾಮಾನ್ಯ ಕಂತು 202.90 ಡಾಲರ್.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ: ಪಾರ್ಟ್ ಬಿ ಮಾತ್ರ ಕೊಂಡವರಿಗೂ ಮನೆ ಶುಶ್ರೂಷೆ ಸಿಗುತ್ತದೆ. 565 ಡಾಲರ್ ಹೊಂದಿಸಲು ಆಗದ ಕುಟುಂಬಗಳು ಇದನ್ನು ತಿಳಿದಿರಲೇಬೇಕು. ಆದರೆ ಪಾರ್ಟ್ ಎ ಇಲ್ಲದಿದ್ದರೆ ಆಸ್ಪತ್ರೆಯ ಒಳರೋಗಿ ಖರ್ಚಿಗೆ ರಕ್ಷಣೆ ಇರುವುದಿಲ್ಲ, ಹಾಸ್ಪೈಸ್ (ಕೊನೆಗಾಲದ ಆರೈಕೆ) ಸೌಲಭ್ಯವೂ ಇರುವುದಿಲ್ಲ, ಅಡ್ವಾಂಟೇಜ್ ಪ್ಲಾನಿಗೂ ಸೇರಲಾಗದು. ಇದನ್ನು ತೂಗಿ ನೋಡಿ. ಪ್ರವಾಸಿ ವೀಸಾದಲ್ಲಿ ಆರು ತಿಂಗಳಿಗೆ ಬಂದಿರುವವರಿಗೆ ಮೆಡಿಕೇರ್ ಯಾವ ರೂಪದಲ್ಲೂ ಇಲ್ಲ.

ಹಂತ 2: ಅರ್ಹತೆಯ ಷರತ್ತುಗಳು, ಅದರಲ್ಲೂ "ಹೋಮ್‌ಬೌಂಡ್"

ಷರತ್ತುಗಳು ಹೀಗಿವೆ. ವೈದ್ಯರ ಉಸ್ತುವಾರಿಯಲ್ಲಿ ಲಿಖಿತ ಆರೈಕೆ ಯೋಜನೆ ಇರಬೇಕು. ತರಬೇತಾದ ಕೈಗಳೇ ಮಾಡಬೇಕಾದ ಕೆಲಸ, ಅಂದರೆ "ಸ್ಕಿಲ್ಡ್" ಸೇವೆ, ಆಗಾಗ ಬೇಕಿರಬೇಕು. ರೋಗಿ ಹೋಮ್‌ಬೌಂಡ್, ಅಂದರೆ ಮನೆಯಿಂದ ಸುಲಭವಾಗಿ ಹೊರಡಲಾಗದವರು, ಆಗಿರಬೇಕು. ಸೇವೆ ಕೊಡುವ ಏಜೆನ್ಸಿಗೆ ಮೆಡಿಕೇರ್ ಮಾನ್ಯತೆ ಇರಬೇಕು. ಜೊತೆಗೆ, ಸೇವೆ ಶುರುವಾಗುವ 90 ದಿನಗಳ ಮೊದಲಿನಿಂದ 30 ದಿನಗಳ ನಂತರದವರೆಗಿನ ಅವಧಿಯಲ್ಲಿ ವೈದ್ಯರು ಅಥವಾ ನರ್ಸ್ ಪ್ರ್ಯಾಕ್ಟಿಷನರಂಥವರು ರೋಗಿಯನ್ನು ನೋಡಿರಬೇಕು. ಮೂರು ರಾತ್ರಿ ಆಸ್ಪತ್ರೆಯಲ್ಲಿ ಇದ್ದಿರಲೇಬೇಕು ಎಂಬ ಮಾತನ್ನು ನಂಬಬೇಡಿ. ಆ ನಿಯಮ ನರ್ಸಿಂಗ್ ಫೆಸಿಲಿಟಿಗೆ ಹೋಗುವವರಿಗೆ. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರಿಗೂ ಮನೆ ಶುಶ್ರೂಷೆ ಸಿಗಬಹುದು.

ಸ್ಕಿಲ್ಡ್ ಎಂದರೆ ಗಾಯಕ್ಕೆ ಡ್ರೆಸ್ಸಿಂಗ್, ಅಭಿಧಮನಿಗೆ ಔಷಧ, ಕ್ಯಾತಿಟರ್ ಬದಲಾಯಿಸುವುದು, ಹೃದಯ ವೈಫಲ್ಯ ಏರುಪೇರಾದಾಗ ನಿಗಾ, ಹೊಸದಾಗಿ ಬಂದ ಮಧುಮೇಹಕ್ಕೆ ಇನ್ಸುಲಿನ್ ಕಲಿಸುವುದು, ಪಾರ್ಶ್ವವಾಯು ಅಥವಾ ಮೊಣಕಾಲು ಶಸ್ತ್ರಚಿಕಿತ್ಸೆಯ ನಂತರದ ಫಿಸಿಯೋಥೆರಪಿ, ಮಾತು ಮತ್ತು ನುಂಗುವಿಕೆಯ ಥೆರಪಿ. ಬರೀ ರಕ್ತದ ಮಾದರಿ ತೆಗೆಯಲು ನರ್ಸ್ ಬೇಕು ಎಂದರೆ ಅರ್ಹತೆ ಹುಟ್ಟುವುದಿಲ್ಲ. ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿ ಒಂದರಿಂದಲೇ ಬಾಗಿಲು ತೆರೆಯುವುದಿಲ್ಲ. ಬೇರೆ ಸೇವೆಯಿಂದ ತೆರೆದ ಬಾಗಿಲನ್ನು ಅದು ತೆರೆದಿಡಬಲ್ಲದು. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದು ಇವಕ್ಕಾಗಿ ಬರುವ ಹೋಮ್ ಹೆಲ್ತ್ ಏಡ್ ಸಿಗುವುದು, ಸ್ಕಿಲ್ಡ್ ಸೇವೆ ನಡೆಯುತ್ತಿರುವಷ್ಟು ದಿನ ಮಾತ್ರ. ಫಿಸಿಯೋ ನಿಂತ ವಾರವೇ ಏಡ್ ಕೂಡ ಬರುವುದು ನಿಲ್ಲುವುದಕ್ಕೆ ಕಾರಣ ಇದೇ.

ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು ಹೋಮ್‌ಬೌಂಡ್ ಎಂಬ ಪದದ ಬಳಿ. ಹಾಸಿಗೆ ಹಿಡಿದಿರಬೇಕು ಎಂದು ಇದರ ಅರ್ಥವಲ್ಲ. ನಿಯಮಕ್ಕೆ ಎರಡು ಭಾಗ. ಒಂದು: ಹೊರಗೆ ಹೋಗಲು ವಾಕರ್, ಕೋಲು, ಗಾಲಿಕುರ್ಚಿ, ವಿಶೇಷ ವಾಹನ ಅಥವಾ ಇನ್ನೊಬ್ಬರ ಸಹಾಯ ಬೇಕು; ಇಲ್ಲವೇ ಹೊರಗೆ ಹೋಗುವುದೇ ವೈದ್ಯಕೀಯವಾಗಿ ಸರಿಯಲ್ಲ. ಎರಡು: ಸಾಮಾನ್ಯವಾಗಿ ಮನೆಯಿಂದ ಹೊರಡಲು ಆಗುವುದಿಲ್ಲ, ಹೊರಟರೆ ಬಹಳ ಶ್ರಮವಾಗುತ್ತದೆ. ಎರಡೂ ಭಾಗ ಕೂಡಬೇಕು. ಬರೀ ಕೋಲು ಹಿಡಿದಿದ್ದಾರೆ ಎಂದರೆ ಸಾಲದು.

ಡಾಕ್ಟರ ಬಳಿಗೆ, ಡಯಾಲಿಸಿಸಿಗೆ, ಪರವಾನಗಿ ಇರುವ ಅಡಲ್ಟ್ ಡೇ ಕೇರಿಗೆ ಹೋಗಿಬರಬಹುದು. ದೇವಸ್ಥಾನದ ಪೂಜೆಗೂ ಹೋಗಬಹುದು. ಧಾರ್ಮಿಕ ಸೇವೆಗೆ ಹೋಗುವುದನ್ನು ನಿಯಮವೇ ಒಪ್ಪುತ್ತದೆ. ಅಪರೂಪಕ್ಕೊಂದು ಮದುವೆ, ಮೊಮ್ಮಗಳ ಪದವಿ ಸಮಾರಂಭ, ಕ್ಷೌರ, ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಒಂದು ಗಂಟೆ ಕುಳಿತು ಬರುವುದು, ಇವೂ ಅಡ್ಡಿಯಲ್ಲ. ದಿನಾ ಸಂಜೆ ಪಾರ್ಕಿನಲ್ಲಿ ಎರಡು ಸುತ್ತು ಹಾಕುವುದು, ವಾರಕ್ಕೆ ಮೂರು ಸಲ ಅಂಗಡಿಗೆ ಜೊತೆಗೆ ಹೋಗುವುದು ಅಡ್ಡಿಯಾಗುತ್ತದೆ.

ವೈದ್ಯರ ಟಿಪ್ಪಣಿಯಲ್ಲಿ "ರೋಗಿ ಹೋಮ್‌ಬೌಂಡ್" ಎಂಬ ಒಂದೇ ಸಾಲಿದ್ದರೆ ಅದಕ್ಕೆ ತೂಕವಿಲ್ಲ. "ವಾಕರ್ ಹಿಡಿದು 20 ಅಡಿ ನಡೆದರೆ ಏದುಸಿರು ಬರುತ್ತದೆ, ನಡುವೆ ಕುಳಿತು ಸುಧಾರಿಸಿಕೊಳ್ಳಬೇಕು, ಮೆಟ್ಟಿಲಿಗೆ ಇನ್ನೊಬ್ಬರು ಹಿಡಿಯಲೇಬೇಕು, ಕಳೆದ ತಿಂಗಳು ಎರಡು ಬಾರಿ ಬಿದ್ದಿದ್ದಾರೆ" ಎಂಬಂಥ ವಿವರ ಬೇಕು. ನಿಜವಾಗಿ ಆಗುತ್ತಿರುವುದನ್ನೇ ನೀವು ಒಂದು ವಾರ ಬರೆದಿಟ್ಟು ಭೇಟಿಯ ದಿನ ವೈದ್ಯರಿಗೆ ಕೊಡಿ. ನಿಮ್ಮ ಪಟ್ಟಿ ಅವರ ಟಿಪ್ಪಣಿಗೆ ಸೇರಿದರೆ ಅರ್ಧ ಕೆಲಸ ಮುಗಿಯಿತು.

ಆ ಭೇಟಿ ಮನೆ ಶುಶ್ರೂಷೆ ಬೇಕಾಗಿರುವ ಮುಖ್ಯ ಕಾರಣಕ್ಕೇ ಸಂಬಂಧಿಸಿರಬೇಕು. ರಕ್ತದೊತ್ತಡದ ಮಾತ್ರೆ ಬದಲಿಸಲು ಹೋದ ಭೇಟಿಯನ್ನು ತೋರಿಸಿ, ಬಿದ್ದು ಸೊಂಟ ಮುರಿದದ್ದಕ್ಕೆ ಥೆರಪಿ ಕೇಳಿದರೆ ಕ್ಲೇಮ್ ತಿರಸ್ಕಾರವಾಗುತ್ತದೆ.

ಹಂತ 3: ಸಹಿ ಹಾಕುವವರು ಯಾರು ಎಂದು ಡಿಸ್ಚಾರ್ಜಿಗೆ ಮೊದಲೇ ಗಟ್ಟಿಮಾಡಿ

ಆಸ್ಪತ್ರೆಯ ವೈದ್ಯರು ಆದೇಶ ಬರೆಯುತ್ತಾರೆ, ಆದರೆ ಮುಂದಿನ ಉಸ್ತುವಾರಿ ಅವರದಲ್ಲ. ಸರ್ಜನ್ "ನಿಮ್ಮ ಪ್ರೈಮರಿ ಡಾಕ್ಟರನ್ನು ಕೇಳಿ" ಎನ್ನುತ್ತಾರೆ, ಪ್ರೈಮರಿ ಡಾಕ್ಟರು "ಆಪರೇಷನ್ ಮಾಡಿದವರನ್ನೇ ಕೇಳಿ" ಎನ್ನುತ್ತಾರೆ. ಈ ನಡುವೆ ಒಂದು ವಾರ ಕಳೆದುಹೋಗುತ್ತದೆ, ಗಾಯ ಕಾಯುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವ ವ್ಯವಸ್ಥೆ ನೋಡುವ ಡಿಸ್ಚಾರ್ಜ್ ಪ್ಲಾನರ್ ಎದುರಿಗೆ ಇರುವಾಗಲೇ "ಆರೈಕೆ ಯೋಜನೆಗೆ ಸಹಿ ಹಾಕುವ ವೈದ್ಯರ ಹೆಸರು ಆದೇಶದಲ್ಲಿ ಇದೆಯೇ, ಅವರು ಒಪ್ಪಿದ್ದಾರೆಯೇ?" ಎಂದು ಕೇಳಿ.

ಏಜೆನ್ಸಿಗಳ ಪಟ್ಟಿಯನ್ನು ಆಸ್ಪತ್ರೆ ಕೊಡಬೇಕು, ಆಯ್ಕೆ ನಿಮ್ಮದು. ಮೆಡಿಕೇರ್ ಡಾಟ್ ಗವ್ ತಾಣದ ಕೇರ್ ಕಂಪೇರ್ ವಿಭಾಗದಲ್ಲಿ ಪಿನ್‌ಕೋಡಿನಂತಿರುವ ಜಿಪ್ ಕೋಡ್ ಹಾಕಿದರೆ ಏಜೆನ್ಸಿಗಳ ನಕ್ಷತ್ರ ಅಂಕಗಳು ಬರುತ್ತವೆ. ಅಂಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಫೋನಿನಲ್ಲಿ ಕೇಳುವ ಪ್ರಶ್ನೆಗಳು. ಮೊದಲ ಭೇಟಿ ಯಾವ ದಿನ? ವಾರಾಂತ್ಯದಲ್ಲಿ ನರ್ಸ್ ಇರುತ್ತಾರೆಯೇ? ಫಿಸಿಯೋ ವಾರಕ್ಕೆ ಎಷ್ಟು ಸಲ? ಏಡ್ ನಿಜವಾಗಿಯೂ ಲಭ್ಯವಿದ್ದಾರೆಯೇ? ಅನೇಕ ಏಜೆನ್ಸಿಗಳು ಏಡ್ ಸೇವೆಯನ್ನು ಕಾಗದದಲ್ಲಿ ತೋರಿಸಿ, ಕೇಳಿದಾಗ ಜನ ಇಲ್ಲ ಎನ್ನುತ್ತವೆ. ಸ್ನಾನಕ್ಕೆ ಹೆಂಗಸೇ ಬೇಕು ಎಂದು ಅಮ್ಮನ ಮನಸ್ಸಿನಲ್ಲಿದ್ದರೆ ಅದನ್ನೂ ಈಗಲೇ ಹೇಳಿ. ಮೊದಲ ದಿನ ಸಂಕೋಚಪಟ್ಟು ಸುಮ್ಮನಾಗುವ ಹಿರಿಯರು ಎರಡನೇ ದಿನ "ಸ್ನಾನವೇ ಬೇಡ" ಎನ್ನುತ್ತಾರೆ, ಏಜೆನ್ಸಿ ಅದನ್ನು ನಿರಾಕರಣೆ ಎಂದು ಬರೆದುಕೊಳ್ಳುತ್ತದೆ.

ಅಡ್ವಾಂಟೇಜ್ ಪ್ಲಾನ್ ಇದ್ದವರು ಪ್ಲಾನಿನ ನೆಟ್‌ವರ್ಕ್ (ಅದರೊಂದಿಗೆ ಒಪ್ಪಂದವಿರುವ ಸಂಸ್ಥೆಗಳು) ಒಳಗಿನ ಏಜೆನ್ಸಿಯನ್ನೇ ಹಿಡಿಯಬೇಕಾಗುತ್ತದೆ, ಮುಂಗಡ ಅನುಮತಿಯೂ ಬೇಕಾಗಬಹುದು. ತುರ್ತು ಎಂದು ವೈದ್ಯರು ಬರೆದರೆ 72 ಗಂಟೆಯೊಳಗೆ ತೀರ್ಮಾನ ಬರಬೇಕು. ಸಾಮಾನ್ಯ ಕೋರಿಕೆಗೆ 2026ರಿಂದ 7 ದಿನ. ಒರಿಜಿನಲ್ ಮೆಡಿಕೇರ್ ಕೊಡುವ ಸೇವೆಯನ್ನು ಅದಕ್ಕಿಂತ ಬಿಗಿಯಾದ ಅರ್ಹತಾ ನಿಯಮ ಹೇಳಿ ಪ್ಲಾನ್ ನಿರಾಕರಿಸುವಂತಿಲ್ಲ ಎಂಬ ನಿಯಮ 2024ರಿಂದ ಜಾರಿಯಲ್ಲಿದೆ. ನಿರಾಕರಣೆಯ ಪತ್ರ ಬಂದರೆ ಈ ಮಾತನ್ನು ಎತ್ತಿ ಕೇಳಿ.

ಹಂತ 4: ಮೊದಲ ಭೇಟಿಯಲ್ಲಿ "ನಾನು ಚೆನ್ನಾಗಿದ್ದೇನಮ್ಮ" ಎನ್ನಬೇಡಿ

ವೈದ್ಯರು ಬೇರೆ ದಿನ ಬರೆಯದಿದ್ದರೆ, ಶಿಫಾರಸು ತಲುಪಿದ ಅಥವಾ ರೋಗಿ ಮನೆಗೆ ಬಂದ 48 ಗಂಟೆಯೊಳಗೆ ಏಜೆನ್ಸಿಯವರು ಬರಬೇಕು. ಬಂದವರು ಓಯಸಿಸ್ ಎಂಬ ದೀರ್ಘ ಪ್ರಶ್ನಾವಳಿ ತುಂಬುತ್ತಾರೆ: ಸ್ನಾನ ಹೇಗೆ, ಶೌಚಕ್ಕೆ ಹೇಗೆ ಹೋಗುತ್ತಾರೆ, ಹಾಸಿಗೆಯಿಂದ ಹೇಗೆ ಏಳುತ್ತಾರೆ, ಮಾತ್ರೆ ತಾವೇ ತೆಗೆದುಕೊಳ್ಳುತ್ತಾರೆಯೇ, ಎಷ್ಟು ದೂರ ನಡೆದರೆ ಉಸಿರು ಕಟ್ಟುತ್ತದೆ.

ನಮ್ಮ ಹಿರಿಯರು ಮನೆಗೆ ಬಂದವರ ಮುಂದೆ ಕಷ್ಟ ಹೇಳಿಕೊಳ್ಳುವುದಿಲ್ಲ. ಎದ್ದು ನಿಂತು ಕೈಮುಗಿಯುತ್ತಾರೆ, ಕಾಫಿ ಕುಡಿದು ಹೋಗಿ ಎನ್ನುತ್ತಾರೆ, ಎಲ್ಲ ಪ್ರಶ್ನೆಗೂ "ಪರವಾಗಿಲ್ಲ, ಮಾಡ್ಕೋತೀನಿ" ಎಂದೇ ಉತ್ತರ. ನರ್ಸ್ ಅದನ್ನೇ ಬರೆಯುತ್ತಾರೆ. ಎಷ್ಟು ಭೇಟಿ ಸಿಗುತ್ತದೆ, ಹೋಮ್‌ಬೌಂಡ್ ಹೌದೋ ಅಲ್ಲವೋ ಎಂಬುದು ಈ ಉತ್ತರಗಳ ಮೇಲೇ ನಿಂತಿದೆ. ಭೇಟಿಯ ದಿನ ಮಕ್ಕಳಲ್ಲಿ ಒಬ್ಬರು ಹತ್ತಿರವೇ ಇರಿ. ಹಿಂದಿನ ರಾತ್ರಿಯೇ ಅಪ್ಪನಿಗೆ ತಿಳಿಸಿ ಹೇಳಿ: ಇದು ಕ್ಷೇಮ ಸಮಾಚಾರವಲ್ಲ, ಕೆಟ್ಟ ದಿನ ಹೇಗಿರುತ್ತದೋ ಅದನ್ನೇ ಹೇಳಬೇಕು.

ಭಾಷೆಯ ತೊಡಕಿದ್ದರೆ ದುಭಾಷಿಯನ್ನು ಕೇಳುವ ಹಕ್ಕಿದೆ. ಮೆಡಿಕೇರ್ ಹಣ ಪಡೆಯುವ ಏಜೆನ್ಸಿ ಭಾಷಾ ಸಹಾಯವನ್ನು ಪುಕ್ಕಟೆ ಒದಗಿಸಬೇಕು. ಫೋನಿನ ಮೂಲಕ ಒದಗಿಸಿದರೂ ಆದೀತು. "ಕನ್ನಡ" ಎಂದು ಒತ್ತಿ ಹೇಳಿ, ಇಲ್ಲವಾದರೆ ಭಾರತದವರು ಎಂದುಕೊಂಡು ಹಿಂದಿ ದುಭಾಷಿಯನ್ನು ಹಚ್ಚುತ್ತಾರೆ. ಮೂತ್ರ ನಿಯಂತ್ರಣ ತಪ್ಪಿರುವುದನ್ನು ಮಗನ ಬಾಯಿಂದ ಹೇಳಿಸಲು ತಾಯಿಗೆ ಮುಜುಗರವಾಗಬಹುದು. ಅಂಥಲ್ಲಿ ಹೊರಗಿನ ದುಭಾಷಿಯೇ ಮೇಲು.

ಹಂತ 5: ಗಂಟೆ ಮತ್ತು ಹಣದ ಲೆಕ್ಕ

ನರ್ಸಿಂಗ್ ಮತ್ತು ಏಡ್ ಸೇವೆ ಸೇರಿ ದಿನಕ್ಕೆ 8 ಗಂಟೆಗಿಂತ ಕಡಿಮೆ, ವಾರಕ್ಕೆ ಹೆಚ್ಚೆಂದರೆ 28 ಗಂಟೆ ಎಂಬುದು ನಿಯಮದ ಮಿತಿ. ವೈದ್ಯರು ಅಗತ್ಯ ತೋರಿಸಿದರೆ ಸ್ವಲ್ಪ ಕಾಲ ವಾರಕ್ಕೆ 35ರವರೆಗೆ ಹೋಗಬಹುದು. ಇದು ಮಿತಿ ಮಾತ್ರ, ಇಷ್ಟು ಗಂಟೆ ಕೊಡುತ್ತೇವೆ ಎಂಬ ಭರವಸೆಯಲ್ಲ. ಮಾಮೂಲಾಗಿ ಕಾಣುವುದು ವಾರಕ್ಕೆ ಎರಡು ಮೂರು ಭೇಟಿ, ಒಂದೊಂದೂ ಒಂದು ಗಂಟೆಯೊಳಗೆ. ದಿನದ 24 ಗಂಟೆಯ ಆರೈಕೆ, ಮನೆಗೆ ಊಟ, ಅಡುಗೆ, ಮನೆಗೆಲಸ ಇವು ಇಲ್ಲ.

ಒರಿಜಿನಲ್ ಮೆಡಿಕೇರಿನಲ್ಲಿ ಈ ಭೇಟಿಗಳಿಗೆ ರೋಗಿಯ ಪಾಲು ಸೊನ್ನೆ. ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನೀವು ಕಟ್ಟುವ ಮೊತ್ತ) ಇಲ್ಲ, ಕೋಪೇ (ಪ್ರತಿ ಸೇವೆಗೆ ನೀವು ಕೊಡುವ ಪಾಲು) ಇಲ್ಲ. ಅಡ್ವಾಂಟೇಜ್ ಪ್ಲಾನಿನಲ್ಲಿ ಕೋಪೇ ಇರಬಹುದು, ಪ್ಲಾನಿನ ಪುಸ್ತಕ ನೋಡಿ. ಖರ್ಚು ಬರುವುದು ಉಪಕರಣಗಳಿಗೆ: ವಾಕರ್, ಗಾಲಿಕುರ್ಚಿ, ಆಸ್ಪತ್ರೆ ಮಂಚ, ಆಮ್ಲಜನಕ ಯಂತ್ರ. ಪಾರ್ಟ್ ಬಿ ಡಿಡಕ್ಟಿಬಲ್ (2026ರಲ್ಲಿ 283 ಡಾಲರ್) ಮುಗಿದ ಮೇಲೆ 20 ಶೇಕಡ ನಿಮ್ಮದು. ಮಂಚದ ಅನುಮೋದಿತ ತಿಂಗಳ ಬಾಡಿಗೆ 120 ಡಾಲರ್ ಎಂದುಕೊಂಡರೆ ನಿಮ್ಮ ಪಾಲು 24. 13 ತಿಂಗಳ ಬಾಡಿಗೆಯ ನಂತರ ಮಂಚ ನಿಮ್ಮದೇ. ಮೆಡಿಗ್ಯಾಪ್ ಇದ್ದರೆ ಆ ಪಾಲನ್ನು ಅದು ಕೊಡಬಹುದು. ಅಂಗಡಿಯವರು ಮೆಡಿಕೇರಿನ ದರವನ್ನೇ ಪೂರ್ಣ ದರವೆಂದು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ. ಒಪ್ಪದ ಅಂಗಡಿಯಲ್ಲಿ ತಂದರೆ ಬಿಲ್ಲು ಏರುತ್ತದೆ.

ಸ್ನಾನದ ಕುರ್ಚಿ, ಬಚ್ಚಲುಮನೆಯ ಹಿಡಿಕಂಬಿ, ಎತ್ತರದ ಕಮೋಡ್ ಸೀಟು, ಹಿರಿಯರ ಡಯಾಪರ್ ಇವು ಒರಿಜಿನಲ್ ಮೆಡಿಕೇರಿನಲ್ಲಿ ಇಲ್ಲ. ಕೈಯಿಂದ ಕೊಡುವ ಹಣವನ್ನು ಮೊದಲು ಹಿಡಿಕಂಬಿಗೆ ಹಾಕಿ. ಬಚ್ಚಲಲ್ಲಿ ಬೀಳುವುದನ್ನು ತಡೆಯುವಷ್ಟು ದೊಡ್ಡ ಉಳಿತಾಯ ಬೇರೆ ಇಲ್ಲ.

ಹಂತ 6: 60 ದಿನಗಳ ಚಕ್ರ, ಮತ್ತು "ನಿಮ್ಮ ಅವಧಿ ಮುಗಿಯಿತು" ಎಂಬ ಮಾತು

ಯೋಜನೆ 60 ದಿನಕ್ಕೊಮ್ಮೆ ನವೀಕರಣವಾಗುತ್ತದೆ. ಅವಧಿಯ ಕೊನೆಯ ಐದು ದಿನಗಳಲ್ಲಿ ಮರುಪರೀಕ್ಷೆ ನಡೆಯುತ್ತದೆ. ಅರ್ಹತೆ ಇರುವವರೆಗೆ ಎಷ್ಟು ಬಾರಿ ಬೇಕಾದರೂ ನವೀಕರಿಸಬಹುದು, ಸಂಖ್ಯೆಗೆ ಮಿತಿ ಇಲ್ಲ. ಹೀಗಿದ್ದೂ "ಮೆಡಿಕೇರ್ 60 ದಿನ ಮಾತ್ರ ಕೊಡುತ್ತದೆ" ಎಂಬ ಮಾತು ಕಿವಿಗೆ ಬೀಳುತ್ತದೆ. 2020ರ ಜನವರಿಯಿಂದ ಏಜೆನ್ಸಿಗೆ ಹಣ ಬರುವುದು 30 ದಿನಗಳ ಅವಧಿಗಿಷ್ಟು ಎಂದು. ಅದೂ ರೋಗಿಯ ಸ್ಥಿತಿಯನ್ನು ನೋಡಿ, ಥೆರಪಿ ಭೇಟಿಗಳನ್ನು ಎಣಿಸಿ ಅಲ್ಲ. ಮೊದಲ 30 ದಿನಗಳ ದರ ಹೆಚ್ಚು, ಆಮೇಲಿನದು ಕಡಿಮೆ. ದೀರ್ಘಕಾಲದ ರೋಗಿಯನ್ನು ಬೇಗ ಬಿಡುವ ಆಸೆ ಎಲ್ಲಿಂದ ಹುಟ್ಟುತ್ತದೆ ಎಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಕಾರಣ ಕೊಡುತ್ತಾರೆ: "ಸುಧಾರಣೆ ಕಾಣುತ್ತಿಲ್ಲ, ಆದ್ದರಿಂದ ನಿಲ್ಲಿಸುತ್ತೇವೆ." 2013ರ ಜನವರಿಯಲ್ಲಿ ನ್ಯಾಯಾಲಯ ಒಪ್ಪಿದ ಜಿಮ್ಮೊ ಪ್ರಕರಣದ ರಾಜಿ ಒಪ್ಪಂದ ಇದಕ್ಕೆ ಉತ್ತರ. ಸ್ಥಿತಿ ಕೆಡದಂತೆ ಉಳಿಸಿಕೊಳ್ಳಲು ತರಬೇತಾದ ಕೈ ಬೇಕಿದ್ದರೆ, ಸುಧಾರಣೆಯ ನಿರೀಕ್ಷೆ ಇಲ್ಲದಿದ್ದರೂ ಸೇವೆ ಸಲ್ಲುತ್ತದೆ. ಪಾರ್ಕಿನ್ಸನ್ಸ್ ಇರುವವರ ಮನೆಯವರು ಜಿಮ್ಮೊ ಎಂಬ ಹೆಸರನ್ನು ನೆನಪಿಡಿ; ಫೋನಿನಲ್ಲಿ ಆ ಒಂದು ಹೆಸರು ಎತ್ತಿದರೆ ಮಾತಿನ ಧಾಟಿ ಬದಲಾಗುವುದುಂಟು.

ಹಂತ 7: ನಿಲ್ಲಿಸಿದಾಗ, ಗಡಿಯಾರ ನೋಡಿಕೊಂಡು ಮೇಲ್ಮನವಿ

ಎಲ್ಲ ಸೇವೆ ನಿಲ್ಲಿಸುವ ಕನಿಷ್ಠ ಎರಡು ದಿನ ಮೊದಲು, ಭೇಟಿಗಳ ನಡುವೆ ಅಂತರ ಹೆಚ್ಚಿದ್ದರೆ ಕೊನೆಯದಕ್ಕಿಂತ ಹಿಂದಿನ ಭೇಟಿಯಲ್ಲಿ, ಏಜೆನ್ಸಿ ಮೆಡಿಕೇರ್ ರಕ್ಷಣೆ ಮುಗಿಯುವ ನೋಟಿಸ್ ಕೊಡಬೇಕು. ಅದಕ್ಕೆ ಸಹಿ ಹಾಕಿದರೆ ನೋಟಿಸ್ ತಲುಪಿದೆ ಎಂದಷ್ಟೇ ಅರ್ಥ, ಒಪ್ಪಿದ್ದೀರಿ ಎಂದಲ್ಲ. ಅದರಲ್ಲಿರುವ ಕ್ಯೂಐಒ (ಇಂಥ ಮೇಲ್ಮನವಿಗಳನ್ನು ಪರಿಶೀಲಿಸುವ ಸಂಸ್ಥೆ) ಸಂಖ್ಯೆಗೆ, ರಕ್ಷಣೆ ಮುಗಿಯುವ ಹಿಂದಿನ ದಿನ ಮಧ್ಯಾಹ್ನ 12ರೊಳಗೆ ಫೋನ್ ಮಾಡಿ ತ್ವರಿತ ಮೇಲ್ಮನವಿ ಕೇಳಿ. ಒರಿಜಿನಲ್ ಮೆಡಿಕೇರಿನವರು, ಸೇವೆ ನಿಂತರೆ ಆರೋಗ್ಯಕ್ಕೆ ದೊಡ್ಡ ಅಪಾಯವಿದೆ ಎಂಬ ವೈದ್ಯರ ಹೇಳಿಕೆಯನ್ನೂ ಒದಗಿಸಬೇಕು. ನೋಟಿಸ್ ಬಂದ ಗಂಟೆಯಲ್ಲೇ ಕ್ಲಿನಿಕ್ಕಿಗೆ ಫೋನ್ ಮಾಡದಿದ್ದರೆ ಇದು ಕೈಗೆ ಬರುವುದಿಲ್ಲ.

ಬೇರೆ ಕಾಗದವೂ ಬರಬಹುದು: "ಮೆಡಿಕೇರ್ ಇದಕ್ಕೆ ಕೊಡಲಿಕ್ಕಿಲ್ಲ" ಎನ್ನುವ ಎಬಿಎನ್. ಅದರಲ್ಲಿ ಮೂರು ಆಯ್ಕೆ. ಸೇವೆಯೂ ಬೇಕು, ಮೆಡಿಕೇರಿಗೆ ಬಿಲ್ಲೂ ಹೋಗಬೇಕು ಎಂಬ ಮೊದಲನೆಯದನ್ನು ಗುರುತಿಸಿದರೆ ಮಾತ್ರ ಮೆಡಿಕೇರಿನಿಂದ ತೀರ್ಮಾನ ಬರುತ್ತದೆ, ಅದರ ಮೇಲೆ ಮೇಲ್ಮನವಿ ಹಾಕಬಹುದು. ಎರಡನೆಯದನ್ನು ಗುರುತಿಸಿದರೆ ಆ ದಾರಿ ಮುಚ್ಚಿತು. ತೀರ್ಮಾನ ಬಂದ ಮೇಲೆ ಮೊದಲ ಹಂತದ ಮೇಲ್ಮನವಿಗೆ 120 ದಿನ, ಎರಡನೆಯದಕ್ಕೆ 180 ದಿನ ಸಮಯವಿದೆ.

ತಂದೆತಾಯಿಯರ ಪರವಾಗಿ ಮಕ್ಕಳು ಮಾತಾಡಲು ಕಾಗದ ಬೇಕು. ಮೇಲ್ಮನವಿಗೆ ಸಿಎಂಎಸ್-1696 ನಮೂನೆ, 1-800-633-4227ರಲ್ಲಿ ಮಾಹಿತಿ ಪಡೆಯಲು ಸಿಎಂಎಸ್-10106. ಎರಡಕ್ಕೂ ಆರೋಗ್ಯ ಚೆನ್ನಾಗಿರುವಾಗಲೇ ಸಹಿ ಹಾಕಿಸಿಡಿ. ಪುಕ್ಕಟೆ ಸಲಹೆಗೆ ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಸರ್ಕಾರಿ ಸಲಹಾ ವ್ಯವಸ್ಥೆ ಇದೆ. ಅವರು ಯಾವ ವಿಮೆಯನ್ನೂ ಮಾರುವುದಿಲ್ಲ.

ಮೆಡಿಕೇರ್ ಮುಟ್ಟದ ಗಂಟೆಗಳು

ಗಂಟೆಗೆ 30 ಡಾಲರಿನಂತೆ ದಿನಕ್ಕೆ 6 ಗಂಟೆ ಖಾಸಗಿ ಸಹಾಯಕರನ್ನು ಇಟ್ಟರೆ ತಿಂಗಳಿಗೆ 5,400 ಡಾಲರ್. ಈ ಭಾರಕ್ಕೆ ಸರ್ಕಾರದ ಮುಖ್ಯ ದಾರಿ ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ. ಅದರಡಿ ಮನೆಯಲ್ಲೇ ಸಹಾಯ ಒದಗಿಸುವ ಕ್ಯಾಲಿಫೋರ್ನಿಯಾದ ಐಎಚ್‌ಎಸ್‌ಎಸ್ ಯೋಜನೆಯಲ್ಲಿ ಮಗಳೋ ಸೊಸೆಯೋ ನೋಡಿಕೊಂಡರೂ ಅವರಿಗೆ ಸಂಬಳ ಸಿಗಬಹುದು. ಆದಾಯ, ಆಸ್ತಿ, ವಲಸೆ ಸ್ಥಿತಿ ಎಲ್ಲವನ್ನೂ ನೋಡುತ್ತಾರೆ, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಅರ್ಜಿಗೆ ಮುನ್ನ ಕೌಂಟಿ ಕಚೇರಿಯಲ್ಲಿ ಕೇಳಿ. ಮರೆಗುಳಿ ಕಾಯಿಲೆ ಇರುವವರಿಗೆ 2024ರ ಜುಲೈಯಲ್ಲಿ ಗೈಡ್ ಎಂಬ ಪ್ರಾಯೋಗಿಕ ಯೋಜನೆ ಶುರುವಾಗಿದೆ. ಒರಿಜಿನಲ್ ಮೆಡಿಕೇರಿನ ಎ ಮತ್ತು ಬಿ ಎರಡೂ ಇರಬೇಕು. ಅರ್ಹರಾದ ಕೆಲವರಿಗೆ, ನೋಡಿಕೊಳ್ಳುವವರು ಬಿಡುವು ಪಡೆಯಲು, ವರ್ಷಕ್ಕೆ 2,500 ಡಾಲರಿನವರೆಗಿನ ಸೇವೆ ಸಿಗುತ್ತದೆ. ಮನೆಗೇ ನೇರವಾಗಿ ಒಬ್ಬರನ್ನು ನೇಮಿಸಿಕೊಂಡರೆ ನೀವು ಮಾಲೀಕರಾಗುತ್ತೀರಿ: 2025ರಲ್ಲಿ ಒಬ್ಬರಿಗೆ 2,800 ಡಾಲರ್ ಅಥವಾ ಹೆಚ್ಚು ಕೊಟ್ಟಿದ್ದರೆ ಸೋಷಿಯಲ್ ಸೆಕ್ಯೂರಿಟಿ ತೆರಿಗೆ ಕಟ್ಟಬೇಕು.

ಚಳಿಗಾಲಕ್ಕೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗುವವರು ಗಮನಿಸಿ: ಅಲ್ಲಿ ಇಟ್ಟುಕೊಂಡ ನರ್ಸಿಗೆ ಮೆಡಿಕೇರ್ ಒಂದು ಡಾಲರನ್ನೂ ಕೊಡುವುದಿಲ್ಲ. ಹೊರಡುವ ಮುನ್ನ ಏಜೆನ್ಸಿಗೆ ತಿಳಿಸಿ ಡಿಸ್ಚಾರ್ಜ್ ಮಾಡಿಸಿಕೊಳ್ಳಿ. ಮರಳಿ ಬಂದ ಮೇಲೆ ವೈದ್ಯರೊಂದಿಗೆ ಹೊಸ ಭೇಟಿ, ಅವರಿಂದ ಹೊಸ ಪ್ರಮಾಣಪತ್ರದೊಂದಿಗೆ ಮತ್ತೆ ಶುರುಮಾಡಬೇಕು. ಊರಲ್ಲಿರುವ ಆರು ತಿಂಗಳ ಕಂತು ಉಳಿಸಲು ಪಾರ್ಟ್ ಬಿ ರದ್ದುಮಾಡಬೇಡಿ. ಮತ್ತೆ ಸೇರಲು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಗೇ ಕಾಯಬೇಕು, ರಕ್ಷಣೆ ಇಲ್ಲದೆ ಕಳೆದ ಪ್ರತಿ ಪೂರ್ಣ 12 ತಿಂಗಳಿಗೆ ಕಂತಿನ ಮೇಲೆ 10 ಶೇಕಡ ದಂಡ ಬೀಳುತ್ತದೆ, ಆ ದಂಡ ಪಾರ್ಟ್ ಬಿ ಇರುವಷ್ಟು ಕಾಲವೂ ಹೋಗುವುದಿಲ್ಲ.